ಮೈ ಹೆಕ್ಕುವ ಮಂಗ, ಮೈ ಕಾಯುವ ಕೋಶ

ಮಕ್ಕಳೇ, ಪಡುಬಿದ್ರಿಯಿಂದ ಕಾರ್ಕಳ, ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದರೆ ಆಗುಂಬೆ ಘಾಟಿ ಶುರು. ಅಲ್ಲಿಂದ ಮೇಲಕ್ಕೆ ರಸ್ತೆಬದಿಯ ಕಟ್ಟೆಗಳ ಮೇಲೆ ಮಂಗಗಳು ಕೂತಿರುತ್ತವೆ. ಉದ್ದ ಬಾಲ, ನೆತ್ತಿಯ ನಡುವಿನಿಂದ ಸುತ್ತಲೂ ಹರಡಿದ ಕೂದಲು. ವಿಜ್ಞಾನಿಗಳು ಬಾನೆಟ್ ಮಕಾಕ್ ಎನ್ನುವ ಈ ಮಂಗ ನಮ್ಮ ದಕ್ಷಿಣ ಭಾರತದ್ದೇ. ಬೇರೆ ದೇಶದ ಕಾಡುಗಳಲ್ಲಿ ಇದು ಸಹಜವಾಗಿ ಇಲ್ಲ.

ಬಸ್ಸಿನಲ್ಲಿ ಕೂತವರೆಲ್ಲ ಬಾಳೆಹಣ್ಣು ಕಸಿಯುವ ಮಂಗವನ್ನೇ ನೋಡುತ್ತಾರೆ. ನೀವು ಅದರ ಹಿಂದೆ ಕೂತ ಜೋಡಿಯನ್ನು ನೋಡಿ. ಒಂದು ಬೆನ್ನು ಒಡ್ಡಿ, ಕಣ್ಣು ಅರೆಮುಚ್ಚಿ ಕೂತಿದೆ. ಇನ್ನೊಂದು ಒಂದು ಕೈಯಿಂದ ರೋಮ ಸರಿಸಿ, ಇನ್ನೊಂದು ಕೈಯ ಬೆರಳ ತುದಿಯಿಂದ ಏನನ್ನೋ ಹೆಕ್ಕಿ ಬಾಯಿಗೆ ಹಾಕುತ್ತಿದೆ. ಉಣ್ಣಿ, ಹೊಟ್ಟು, ಧೂಳು. ಅಜ್ಜಿ ಜಗಲಿಯಲ್ಲಿ ಮೊಮ್ಮಗಳ ಹೇನು ತೆಗೆದ ಹಾಗೆಯೇ. ಯಾರು ಯಾರ ಮೈ ಹೆಕ್ಕುತ್ತಾರೆ, ಎಷ್ಟು ಹೊತ್ತು ಹೆಕ್ಕುತ್ತಾರೆ, ಯಾರು ಬಂದಾಗ ಯಾರು ಎದ್ದು ಜಾಗ ಬಿಡುತ್ತಾರೆ ಎಂದು ಬರೆದಿಡುವುದನ್ನೇ ಜೀವನದ ಕೆಲಸ ಮಾಡಿಕೊಂಡವರಿದ್ದಾರೆ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಅಂಥವರಲ್ಲಿ ಒಬ್ಬರು. ಅವರು ಮೊದಲು ಓದಿದ್ದು ಸಸ್ಯಶಾಸ್ತ್ರ. ಆಮೇಲೆ ಯೀಸ್ಟ್‌ನ ವಂಶವಾಹಿ, ಕಣಜಗಳ ಸಂಸಾರ, ಮನುಷ್ಯರ ಕಾಯಿಲೆಗಳ ವಂಶವಾಹಿ, ಹೀಗೆ ಒಂದೊಂದನ್ನೇ ಹಾದು ಮಂಗಗಳ ಬಳಿಗೆ ಬಂದರು. ಬಂಡೀಪುರದ ಮಂಗಗಳು ಜನರ ಕಡೆ ಕೈ ಚಾಚಿ, ಮೆಲ್ಲಗೆ ಕೂಗಿ, ಅವರು ತಮ್ಮನ್ನು ನೋಡುತ್ತಿದ್ದಾರೆಯೇ ಎಂದು ಗಮನಿಸುತ್ತ ತಿಂಡಿ ಕೇಳುವುದನ್ನು ಅವರ ತಂಡ 2018ರಲ್ಲಿ ವರದಿ ಮಾಡಿತು. ರೋಗ ಓದಿದವರು ಮಂಗದ ಹಿಂದೆ ಯಾಕೆ ಹೋದರು ಅನಿಸುತ್ತದೆಯೇ? ನನಗಂತೂ ಅದು ಒಂದೇ ದಾರಿಯಾಗಿ ಕಾಣುತ್ತದೆ. ಯಾಕೆಂದು ಹೇಳುತ್ತೇನೆ.

ನಿಮ್ಮ ರಕ್ತದಲ್ಲಿ ಟಿ ಕೋಶ ಎಂಬ ಬಿಳಿ ರಕ್ತಕಣಗಳಿವೆ. ಹೊರಗಿನಿಂದ ಬಂದ ವೈರಸ್ಸನ್ನು ಗುರುತಿಸಿ ಎದುರಿಸುವುದು ಅವುಗಳ ಕೆಲಸ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದ ಹಾಗೆ ಕುಗ್ಗುತ್ತದೆ. ಟಿ ಕೋಶಗಳು ಬೆಳೆಯುವುದು ಅಲ್ಲಿ. ನಮ್ಮ ಮೈಯನ್ನೇ ಶತ್ರು ಎಂದುಕೊಳ್ಳುವ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ನಾಶವಾಗುತ್ತವೆ. ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ. ಅವು ಮೇದೋಜೀರಕದ ಇನ್ಸುಲಿನ್ ಕೋಶಗಳ ಮೇಲೆ ಬಿದ್ದರೆ ಟೈಪ್ 1 ಡಯಾಬಿಟಿಸ್. ಚರ್ಮದ ಬಣ್ಣದ ಕೋಶಗಳ ಮೇಲೆ ಬಿದ್ದರೆ ಬಿಳಿ ಮಚ್ಚೆ. ಇವೇ ಆಟೋಇಮ್ಯೂನ್ ಕಾಯಿಲೆಗಳು.

ತಪ್ಪಿಸಿಕೊಂಡ ಕೋಶಗಳು ನಮ್ಮೆಲ್ಲರಲ್ಲೂ ಇದ್ದರೂ ಎಲ್ಲರಿಗೂ ಕಾಯಿಲೆ ಬರುವುದಿಲ್ಲವಲ್ಲ? ಜಪಾನಿನ ಶಿಮೋನ್ ಸಕಾಗುಚಿ ಅವರನ್ನು ಕಾಡಿದ್ದು ಇದೇ ಪ್ರಶ್ನೆ. ಹುಟ್ಟಿ ಮೂರು ದಿನವಾದ ಇಲಿಮರಿಯ ಥೈಮಸ್ ತೆಗೆದರೆ ಅದಕ್ಕೆ ಆಟೋಇಮ್ಯೂನ್ ಕಾಯಿಲೆ ಬರುತ್ತಿತ್ತು. ಆರೋಗ್ಯವಂತ ಇಲಿಯ ಟಿ ಕೋಶ ಕೊಟ್ಟರೆ ಬರುತ್ತಿರಲಿಲ್ಲ. ಹಾಗಾದರೆ ಉಳಿದವನ್ನು ತಡೆದು ನಿಲ್ಲಿಸುವ ಟಿ ಕೋಶಗಳೂ ಇರಬೇಕು! 1995ರಲ್ಲಿ ಅವನ್ನು ಗುರುತಿಸಿ ತೋರಿಸಿದರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆ ಅವರಿಗೆ 2025ರ ನೊಬೆಲ್ ಬಂತು.

ಈಗ ಮತ್ತೆ ಮಂಗಗಳ ಹತ್ತಿರ ಬನ್ನಿ. ಅಮೆರಿಕದಲ್ಲಿ ಜೆನ್ನಿ ಟಂಗ್ ಮತ್ತು ಜೊತೆಗಾರರು ಉತ್ತರ ಭಾರತದಲ್ಲೂ ಕಾಣುವ ರೀಸಸ್ ಜಾತಿಯ 45 ಹೆಣ್ಣು ಮಂಗಗಳನ್ನು ಐದೈದರ ಒಂಬತ್ತು ಗುಂಪು ಮಾಡಿದರು. ಒಂದೊಂದನ್ನೇ ಗುಂಪಿಗೆ ಬಿಟ್ಟರು. ಮೊದಲು ಬಂದವಳು ಸಾಮಾನ್ಯವಾಗಿ ಯಜಮಾನಿ, ಕೊನೆಗೆ ಬಂದವಳಿಗೆ ಎಲ್ಲರ ಕೈಯಲ್ಲೂ ಪೆಟ್ಟು. ಅವಳ ಮೈ ಹೆಕ್ಕುವವರೂ ಕಡಿಮೆ. ರಕ್ತ ಪರೀಕ್ಷಿಸಿದಾಗ, ಕೆಳಗಿನ ಸ್ಥಾನದವರ ರಕ್ಷಣಾ ಕೋಶಗಳಲ್ಲಿ ಉರಿಯೂತ ತರುವ ವಂಶವಾಹಿಗಳು ಹೆಚ್ಚು ಚುರುಕಾಗಿದ್ದವು. ಆಮೇಲೆ ಗುಂಪು ಬದಲಿಸಿ ಸ್ಥಾನ ಬದಲಾಯಿಸಿದರು. ಕೋಶಗಳ ನಡತೆಯೂ ಬದಲಾಯಿತು! 2016ರಲ್ಲಿ ಪ್ರಕಟವಾದ ಕೆಲಸ ಇದು. ಆ ಮಂಗಗಳಿಗೆ ಆಟೋಇಮ್ಯೂನ್ ಕಾಯಿಲೆ ಬಂತು ಎಂದು ಇದರ ಅರ್ಥವಲ್ಲ. ಆದರೆ ಜೊತೆಗಾರರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ರಕ್ತದ ಕೋಶದವರೆಗೂ ಮುಟ್ಟುತ್ತದೆ ಎನ್ನುವುದು ಖಚಿತವಾಯಿತು. ನಾನು ಓದಿದ ಪ್ರಯೋಗಗಳಲ್ಲಿ ಮನಸ್ಸಿಗೆ ಇಷ್ಟು ಹತ್ತಿರವಾದವು ಕಡಿಮೆ.

ಮುಂದಿನ ಸಲ ಘಾಟಿ ಹತ್ತುವಾಗ ಮಂಗಗಳಿಗೆ ತಿಂಡಿ ಎಸೆಯಬೇಡಿ. ಅವಕ್ಕೆ ಕಾಡಿನಲ್ಲಿ ಹಣ್ಣು, ಚಿಗುರು, ಹುಳ ಇವೆ. ತಿಂಡಿಗೆಂದು ರಸ್ತೆಗೆ ಬಂದವು ವಾಹನಕ್ಕೆ ಸಿಕ್ಕಿ ಸಾಯುತ್ತವೆ. ದೂರದಿಂದ ನೋಡಿ, ಯಾರು ಯಾರ ಮೈ ಹೆಕ್ಕಿದರು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ತರಗತಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಗೆಳತಿಯೋ ಕೈಮೇಲೆ ಬಿಳಿ ಮಚ್ಚೆ ಇರುವ ಗೆಳೆಯನೋ ಇದ್ದರೆ ಅವರ ಪಕ್ಕದಲ್ಲೇ ಕೂತು ಊಟ ಮಾಡಿ. ಅವು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಗಳಲ್ಲ.