ಹಳ್ಳದ ನೀರು ಮತ್ತು ಇಂಗ್ಲಿಷ್ ಮಾತು



ಮಲೆನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಅನೇಕರು ಇಂಗ್ಲಿಷನ್ನು ಓದಬಲ್ಲರು, ಪ್ರಶ್ನೆಗಳಿಗೆ ಉತ್ತರ ಬರೆಯಬಲ್ಲರು. ಆದರೆ ಯಾರಾದರೂ ಎದುರು ನಿಂತು ಆ ಭಾಷೆಯಲ್ಲಿ ಮಾತನಾಡಿಸಿದರೆ ತಲೆ ತಗ್ಗಿಸುತ್ತಾರೆ. ವ್ಯಾಕರಣದ ಕೊರತೆಯೇ ಇದಕ್ಕೆ ಕಾರಣವೆಂದು ತಿಳಿದು ಅದನ್ನೇ ಮತ್ತೆ ಮತ್ತೆ ಕಲಿಸುವುದು ರೂಢಿ. ನಿಜವಾದ ಕೊರತೆ ಬೇರೆ. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲಿ ರೈಲು ನಿಲ್ದಾಣದ ಸಂಭಾಷಣೆ ಇರುತ್ತದೆ, ವಿಮಾನ ನಿಲ್ದಾಣದ ಸಂಭಾಷಣೆ ಇರುತ್ತದೆ. ರೈಲುಹಳಿಯೇ ಇಲ್ಲದ ತಾಲ್ಲೂಕಿನ ಮಗುವಿಗೆ ಅಲ್ಲಿ ಸ್ವಂತದ್ದೆಂದು ಹೇಳಲು ಏನೂ ಇಲ್ಲ. ಅದೇ ಮಗುವನ್ನು ಮನೆಯ ಹಿಂದಿನ ಹಳ್ಳದ ಬಗ್ಗೆ ಕೇಳಿದರೆ ಕನ್ನಡದಲ್ಲಿ ಅರ್ಧ ಗಂಟೆ ಮಾತನಾಡುತ್ತದೆ. ಇಂಗ್ಲಿಷ್ ಮಾತಿನ ಪಾಠ ಆರಂಭವಾಗಬೇಕಾದದ್ದು ಆ ಹಳ್ಳದಿಂದ.

ಮಾಲಿನ್ಯದ ಪಾಠವೆಂದರೆ ಹೊಗೆ ಉಗುಳುವ ಚಿಮಣಿಯ ಚಿತ್ರವೆಂಬ ಅಭ್ಯಾಸವೂ ಬೇರೂರಿದೆ. ಬೆಟ್ಟದ ಊರಿನಲ್ಲಿ ಚಿಮಣಿ ಎಲ್ಲಿದೆ? ಇಲ್ಲಿಯ ಮಾಲಿನ್ಯದ ಮುಖ ಬೇರೆ: ಕಾಫಿ ಹಣ್ಣಿನ ಪಲ್ಪಿಂಗ್ ಮಾಡಿದ ಹುಳಿ ನೀರು ಹಳ್ಳಕ್ಕೆ ಸೇರಿ ಅದರಲ್ಲಿನ ಆಮ್ಲಜನಕವನ್ನು ಕುಗ್ಗಿಸುವುದು, ಅಡಿಕೆಯ ಕೊಳೆರೋಗಕ್ಕೆ ವರ್ಷವರ್ಷವೂ ಹೊಡೆಯುವ ಮೈಲುತುತ್ತಿನ ತಾಮ್ರ ಮಣ್ಣಿನಲ್ಲಿ ಉಳಿಯುವುದು, ಪ್ರವಾಸಿಗಳು ಜಲಪಾತದ ಬುಡದಲ್ಲಿ ಬಿಟ್ಟುಹೋಗುವ ಬಾಟಲಿಗಳು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ಕಥೆಯೂ ದೂರದ್ದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ವೇಳೆಗೆ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿಹೋಗಿತ್ತು.

ಇಂತಹ ವಿಷಯಗಳನ್ನು ಚರ್ಚೆಗಿಟ್ಟಾಗ ವ್ಯಾಕರಣ ತಾನಾಗಿಯೇ ಬಾಗಿಲು ತಟ್ಟುತ್ತದೆ. 'ದಿ ವಾಟರ್ ಈಸ್ ಪೊಲ್ಯೂಟೆಡ್' ಎಂದು ವಿದ್ಯಾರ್ಥಿ ಹೇಳಿದನೆನ್ನಿ. ವಾಕ್ಯ ಶುದ್ಧವಾಗಿದೆ, ಆದರೆ ಕರ್ತೃವೇ ಇಲ್ಲ. ಶಿಕ್ಷಕರು ಆಗ ಕೇಳಬೇಕಾದುದು ಒಂದೇ: 'ಹೂ ಪೊಲ್ಯೂಟೆಡ್ ಇಟ್?' ಕರ್ಮಣಿ ಪ್ರಯೋಗವನ್ನು ಕರ್ತರಿಗೆ ತಿರುಗಿಸುವ ಅಭ್ಯಾಸ ಪಠ್ಯದಲ್ಲಿ ಒಣ ಲೆಕ್ಕದಂತೆ ಕಾಣುತ್ತದೆ. ಇಲ್ಲಿ ಅದು ಹೊಣೆಗಾರನನ್ನು ಹುಡುಕುವ ಕೆಲಸವಾಗುತ್ತದೆ. ಸರ್ಕಾರಿ ವರದಿಗಳಿಗೂ ಕಂಪನಿಗಳ ವರದಿಗಳಿಗೂ ಕರ್ಮಣಿ ಪ್ರಯೋಗ ಅಷ್ಟು ಪ್ರಿಯವೇಕೆ ಎಂಬುದು ಆ ತರಗತಿಗೆ ಬೇಗ ತಿಳಿಯುತ್ತದೆ. ಉತ್ತರ ಕೆಲವೊಮ್ಮೆ ಕಹಿಯಾಗಿರುತ್ತದೆ. ಪಲ್ಪಿಂಗ್ ನೀರು ಬಿಟ್ಟವರು ಅದೇ ತರಗತಿಯ ಹುಡುಗಿಯ ತಂದೆಯೇ ಆಗಿರಬಹುದು. ಅಂಥಲ್ಲಿ ಶಿಕ್ಷಕರು ಹೆಸರಿನಿಂದ ಪರಿಹಾರದತ್ತ ಮಾತನ್ನು ಹೊರಳಿಸುವುದು ಲೇಸು. ಆ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಿದರೆ ಹುಳಿ ತಗ್ಗುವುದೇ ಎಂದು ಕೇಳಿದರೆ 'ಇಫ್' ಎಂದು ಆರಂಭವಾಗುವ ವಾಕ್ಯಗಳ ಪಾಠವೂ ಆಗುತ್ತದೆ.

ಕನ್ನಡದಲ್ಲಿ ಪ್ರಶ್ನೆ ಪದದ ಕೊನೆಯಲ್ಲಿ ಕೂರುತ್ತದೆ: ಮೀನಿತ್ತು, ಮೀನಿತ್ತೇ. ಇಂಗ್ಲಿಷಿನಲ್ಲಿ ಅದು ವಾಕ್ಯದ ತಲೆಗೆ ಏರಬೇಕು. ನಮ್ಮ ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. ಅಜ್ಜಿಯನ್ನು ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಿಸಿ, ಹಳ್ಳದಲ್ಲಿ ಹಿಂದೆ ಯಾವ ಮೀನಿದ್ದವು, ಬೇಸಗೆಯಲ್ಲಿ ನೀರು ಯಾವ ತಿಂಗಳವರೆಗೆ ಹರಿಯುತ್ತಿತ್ತು ಎಂದು ಕೇಳಿ ಬಂದು, ಮರುದಿನ ತರಗತಿಯಲ್ಲಿ ಇಬ್ಬಿಬ್ಬರಾಗಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಉತ್ತರಿಸಿದರೆ ಭೂತಕಾಲದ ರೂಪಗಳು ನಾಲಗೆಗೆ ಹತ್ತುತ್ತವೆ. ತಪ್ಪು ತಿದ್ದುವುದನ್ನು ಮಾತು ಮುಗಿಯುವವರೆಗೆ ತಡೆದುಕೊಳ್ಳಬೇಕು. ಮೇಷ್ಟರಿಗೆ ಅದೇ ಕಷ್ಟದ ಭಾಗ.

ಕನ್ನಡದ ಹೋರಾಟಕ್ಕೆ ಇಂಗ್ಲಿಷ್ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಯ ನಡಾವಳಿಯ ಸಾರವನ್ನು ಕೊನೆಯಲ್ಲಿ ಜನರ ಭಾಷೆಯಲ್ಲಿಯೇ ಓದಿ ವಿವರಿಸಬೇಕು. ಆದ್ದರಿಂದ ಅಲ್ಲಿ ಯಾರೂ ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿಲ್ಲ, ಮಾತನಾಡಲೂಬಾರದು. ಆದರೆ ಯೋಜನೆಯ ಕನ್ನಡ ಸಾರಾಂಶ ತೆಳ್ಳಗಿರುತ್ತದೆ. ಹೂಳೆಷ್ಟು, ನೀರೆಷ್ಟು, ಮರವೆಷ್ಟು ಎಂಬ ಕೋಷ್ಟಕಗಳು ಸಾಮಾನ್ಯವಾಗಿ ಇಂಗ್ಲಿಷಿನ ದಪ್ಪ ಸಂಪುಟದೊಳಗೆ ಇರುತ್ತವೆ. ಕುದುರೆಮುಖದ ಗಣಿಗಾರಿಕೆಯ ವಿವಾದದಲ್ಲಿ ಭದ್ರೆ ಹೊತ್ತೊಯ್ಯುತ್ತಿದ್ದ ಹೂಳೇ ಪ್ರಮುಖ ವಾದವಾಗಿತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಪಶ್ಚಿಮಘಟ್ಟದ ವರದಿಯನ್ನು ಇಂಗ್ಲಿಷಿನಲ್ಲಿ ಸಲ್ಲಿಸಿತು. ಗ್ರಾಮಸಭೆಗಳ ಮಾತಿಗೆ ಬೆಲೆ ಕೊಟ್ಟ ಆ ವರದಿಗಿಂತ ಮೊದಲು ಮಲೆನಾಡಿನ ಊರುಗಳನ್ನು ತಲುಪಿದ್ದು ವದಂತಿ. 2020ರಲ್ಲಿ ಹೊಸ ಕರಡು ಅಧಿಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಬಂದಾಗ, ಅದನ್ನು ಇತರ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅನುವಾದಕ್ಕಾಗಿ ಒತ್ತಾಯ ಬೇಕೇ ಬೇಕು. ಅದು ಬರುವವರೆಗೆ ಮೂಲವನ್ನು ಓದಿ, ಎಂಜಿನಿಯರನ್ನು ತಡೆದು ಕೇಳಬಲ್ಲ ಹತ್ತು ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿಯೂ ಇರಬೇಕು.

ಖರ್ಚು ಹೆಚ್ಚೇನಿಲ್ಲ. ಜೂನ್‌ನ ಮೊದಲ ಮಳೆಗೆ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ರಾತ್ರಿಯಿಡೀ ತಳವೂರಲು ಬಿಟ್ಟು, ಬೆಳಿಗ್ಗೆ ಹೂಳಿನ ಎತ್ತರವನ್ನು ಸ್ಕೇಲಿನಿಂದ ಅಳೆಯಬೇಕು. ವಾರಕ್ಕೊಮ್ಮೆ ಒಬ್ಬರು ಎದ್ದು ನಿಂತು ಆ ಅಳತೆಯನ್ನು ಹಿಂದಿನ ವಾರದ್ದರೊಡನೆ ಹೋಲಿಸಿ ಇಂಗ್ಲಿಷಿನಲ್ಲಿ ಐದು ವಾಕ್ಯ ಹೇಳಲಿ, ಉಳಿದವರು ಪ್ರಶ್ನೆ ಕೇಳಲಿ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಬರುವಾಗ ಬಾಟಲಿ ಅದೇ ಇರುತ್ತದೆ, ನೀರಿನ ಬಣ್ಣ ಮತ್ತು ವಾಸನೆ ಬದಲಾಗಿರುತ್ತವೆ. ಅದನ್ನು ಹೇಳಲು ಬೇಕಾದ ಮಾತು ಅಷ್ಟರಲ್ಲಿ ಮಕ್ಕಳ ಬಳಿ ಇರುತ್ತದೆ.