ಫ್ಯಾನಿಗೆ ಕಂಬಳಿ

"ಅತ್ತೆ, ಮತ್ತೆ ಆಫ್ ಆಯ್ತು!"

ಒಂದು ವಾರದಿಂದ ಅಣ್ಣನ ಮಗಳದ್ದು ಇದೇ ಗೋಳು. ವೈರಸ್ ಬಂದಿರಬೇಕು ಅಂತ ಅವಳಪ್ಪನ ತೀರ್ಪು. ಲ್ಯಾಪ್‌ಟಾಪ್ ಏನೇ ತರಲೆ ಮಾಡಲಿ, ದೊಡ್ಡವರು ಮೊದಲು ಬೈಯುವುದು ವೈರಸ್ಸನ್ನೇ!

"ಏನು ಮಾಡುವಾಗ ಆಫ್ ಆಗುತ್ತೆ?" ಎಂದೆ.

"ಹೋಂವರ್ಕ್ ಬರೆಯುವಾಗ ಏನೂ ಆಗಲ್ಲ. ಹಾಸಿಗೆ ಮೇಲಿಟ್ಟು ಗೇಮ್ ಆಡುವಾಗ ಮಾತ್ರ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ತಳ ಮುಟ್ಟಿ ನೋಡಿದರೆ ಆಗಷ್ಟೇ ಒಲೆ ಆರಿಸಿದ ಕಾವಲಿಯ ಹಾಗೆ ಸುಡುತ್ತಿತ್ತು.

ಒಳಗಿನ ಪ್ರೊಸೆಸರ್ ಉಗುರಿನಷ್ಟಗಲದ ಸಿಲಿಕಾನ್ ಚೂರು. ಅದರಲ್ಲಿ ನೂರಾರು ಕೋಟಿ ಪುಟಾಣಿ ಸ್ವಿಚ್ಚುಗಳು. ಸ್ವಿಚ್ಚು ಹಾಕಿ ಆರಿಸಿದಾಗಲೆಲ್ಲ ಚೂರು ಬಿಸಿ ಹುಟ್ಟುತ್ತದೆ. ಗೇಮ್ ಶುರುವಾದರೆ ಅವಕ್ಕೆ ಬಿಡುವೇ ಇಲ್ಲ. ಕಾವು 100 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಬಂದರೆ ಪ್ರೊಸೆಸರ್ ಮೊದಲು ಕೆಲಸ ನಿಧಾನ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಮುಂಚೆ ಲ್ಯಾಪ್‌ಟಾಪ್ ತಾನೇ ಆಫ್ ಆಗುತ್ತದೆ, ನಿಮ್ಮ ಸ್ಕೋರ್ ಎಷ್ಟಿದ್ದರೂ ಸರಿ.

ಬಿಸಿಯನ್ನು ಹೊರಗೆ ಸಾಗಿಸಲು ಒಂದು ಚಪ್ಪಟೆ ತಾಮ್ರದ ಕೊಳವೆ ಇದೆ. ನನಗೆ ಇಡೀ ಲ್ಯಾಪ್‌ಟಾಪಿನಲ್ಲಿ ಅಚ್ಚುಮೆಚ್ಚು ಅದೇ. ಗಾಳಿ ತೆಗೆದು, ಒಳಗೆ ತುಸು ನೀರಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, 50 ಡಿಗ್ರಿಯಲ್ಲೂ ಆವಿಯಾಗುತ್ತದೆ. ಆವಿ ಫ್ಯಾನಿನ ಕಡೆ ಓಡಿ, ಬಿಸಿಯನ್ನು ಅಲ್ಲಿ ಬಿಟ್ಟು, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವಂತೆ ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಆ ನೀರನ್ನು ಹೀರಿ ವಾಪಸ್ ತರುತ್ತದೆ.

ಇಷ್ಟೆಲ್ಲ ಆದ ಮೇಲೆ ಬಿಸಿಗಾಳಿಯನ್ನು ಫ್ಯಾನು ಹೊರಗೆ ತಳ್ಳಬೇಕು. ಹಾಸಿಗೆ ತಳದ ಕಿಂಡಿಗಳನ್ನು ಮುಚ್ಚಿದ್ದರೆ ಅದಾದರೂ ಏನು ಮಾಡೀತು?

ಆಫ್ ಮಾಡಿ, ಚಾರ್ಜರ್ ಕಿತ್ತು, ಅಣ್ಣ ತಳದ ಸ್ಕ್ರೂ ಬಿಚ್ಚಿದ. ಫ್ಯಾನಿನ ಬಾಯಲ್ಲಿ ಬೂದು ಬಣ್ಣದ ಧೂಳು. ಚಿಮಟದಿಂದ ಎತ್ತಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದುಬಂತು! ಹಾಸಿಗೆಯ ಹತ್ತಿ, ಉದ್ದ ಕೂದಲು, ಜೊತೆಗೆ ಬೆಕ್ಕಿನ ರೋಮ. ವೈರಸ್ ಮಾತ್ರ ಕಾಣಲಿಲ್ಲ.

ಆಮೇಲೆ ಮೇಜಿನ ಮೇಲೆ ಒಂದು ಗಂಟೆ ಗೇಮ್ ನಡೆಯಿತು. ಆದರೆ ಮೊನ್ನೆ ಹೋಂವರ್ಕ್ ನಡುವೆಯೇ ಪರದೆ ಕಪ್ಪಾಯಿತು. ಹುಡುಗಿ ಕೂಗಲಿಲ್ಲ. ತಳ ಮುಟ್ಟಿದಳು, ತಣ್ಣಗಿತ್ತು. ಚಾರ್ಜರ್ ಚುಚ್ಚಿದಳು, ಮತ್ತೆ ನಡೆಯಿತು.

"ಅತ್ತೆ, ಈ ಸಲ ಬ್ಯಾಟರಿ ಮೇಲೆ ಅನುಮಾನ" ಅಂದಳು.