ಏ.ಸಿ.ಗೆ ಗ್ಯಾಸ್ ತುಂಬಿಸುವ ಮುನ್ನ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುತ್ತಾರೆಂದು ತಾವು ನಿರೀಕ್ಷಿಸಿರುತ್ತೀರಿ. ಇಂದಿನ ಊಟದಲ್ಲಿ ಹೋಳಿಗೆ ಇದೆಯೆಂದು ತಿಳಿದ ಮೇಲೆ ಆ ವಿಷಯವನ್ನು ಎತ್ತುವ ಧೈರ್ಯ ನಮಗಾಗಲಿಲ್ಲ. ಆದ್ದರಿಂದ ನಮ್ಮೆಲ್ಲರ ಮನೆಯ ಗೋಡೆಯ ಮೇಲೆ ಕುಳಿತು ಹಗಲಿರುಳು ದುಡಿಯುವ ಏ.ಸಿ.ಯ ಬಗ್ಗೆ, ಅದಕ್ಕೆ ‘ಗ್ಯಾಸ್ ತುಂಬಿಸುವ’ ನಮ್ಮ ಅಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದು ವೈದ್ಯರಿಗೆ ಸಂಬಂಧಿಸಿದ್ದೇ ಎಂಬುದು ಮುಂದೆ ತಮಗೇ ತಿಳಿಯುತ್ತದೆ.

ಒಮಾನಿನಲ್ಲಿ ಏ.ಸಿ. ಭೋಗವಸ್ತುವಲ್ಲ. 2018ರ ಜೂನ್ 26ರಂದು ಮಸ್ಕತ್‌ನ ಆಚೆಯ ಕುರಿಯಾತ್‌ನಲ್ಲಿ ಇಡೀ ದಿನದ ಅತಿ ಕಡಿಮೆ ಉಷ್ಣಾಂಶವೇ 42.6 ಡಿಗ್ರಿ ಸೆಲ್ಸಿಯಸ್ ಇತ್ತು. ರಾತ್ರಿಯೂ ಅದಕ್ಕಿಂತ ಕೆಳಗಿಳಿಯಲಿಲ್ಲ. ನಮ್ಮೂರಿನಲ್ಲಿ ಕರೆಂಟ್ ಹೋದರೆ ಬೀಸಣಿಗೆ ಹಿಡಿದು ಜಗಲಿಗೆ ಬರುತ್ತೇವೆ. ಇಲ್ಲಿ ಜಗಲಿಗೆ ಬಂದರೆ ಒಳಗಿಗಿಂತ ಕಷ್ಟ. ಹೀಗಾಗಿ ಏ.ಸಿ. ಕೆಟ್ಟಿತೆಂದರೆ ನಮ್ಮ ವಿವೇಕವೂ ಸ್ವಲ್ಪ ಕೆಡುತ್ತದೆ. ಅಂಥ ಒಂದು ಪ್ರಸಂಗವನ್ನು ಹೇಳಿಯೇ ಮುಂದುವರಿಯುತ್ತೇವೆ.

ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳ ಒಂದು ಶುಕ್ರವಾರ. ಊರಿನಿಂದ ನಮ್ಮ ತಾಯಿಯವರು ಬಂದಿದ್ದರು. ಅವರು ಮಲಗುವ ಕೋಣೆಯ ಏ.ಸಿ. ಬರೀ ಗಾಳಿ ಬೀಸತೊಡಗಿತು. ಪ್ರತಿ ಬೇಸಿಗೆಯಲ್ಲೂ ಬಂದು ಗ್ಯಾಸ್ ತುಂಬುತ್ತಿದ್ದ ಕುಂದಾಪುರದ ಕಡೆಯ ಹುಡುಗನಿಗೆ ಫೋನ್ ಮಾಡಿದೆವು. “ಬಿಸಿಲು ಇಳಿದ ಮೇಲೆ ಬರ್ತೇನೆ ಡಾಕ್ಟ್ರೇ” ಎಂದ. “ಅಮ್ಮನಿಗೆ ಆಗುತ್ತಿಲ್ಲಪ್ಪ, ಈಗಲೇ ಬಾ” ಎಂದು ಅವಸರ ಮಾಡಿದವರು ನಾವೇ. ಮಧ್ಯಾಹ್ನ ಒಂದು ಗಂಟೆಗೆ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಾರಸಿ ಹತ್ತಿದ. ಕೈಗವಸು, ಕನ್ನಡಕ ಯಾವುದೂ ಇರಲಿಲ್ಲ. ನಾವು ಒಳಗೆ ಕ್ರಿಕೆಟ್ ನೋಡುತ್ತಿದ್ದೆವು. ಅರ್ಧ ಗಂಟೆಯ ಮೇಲೆ ಎಡಗೈಗೆ ಬಟ್ಟೆ ಸುತ್ತಿಕೊಂಡು ಇಳಿದು ಬಂದ. ಏನಾಯಿತೆಂದು ಕೇಳಿದರೆ, “ಎಂತ ಇಲ್ಲ ಡಾಕ್ಟ್ರೇ, ಪೈಪ್ ಜಾರಿತು, ಕೈ ಸ್ವಲ್ಪ ತಣ್ಣಗಾಯ್ತು ಅಷ್ಟೆ” ಎಂದು ನಕ್ಕು ಹಣ ತೆಗೆದುಕೊಂಡು ಹೋದ. ಬಟ್ಟೆ ಬಿಚ್ಚಿ ನೋಡಬೇಕೆಂದು, ಇಷ್ಟು ವರ್ಷ ರೋಗಿಗಳನ್ನು ನೋಡಿದ ನಮಗೆ ಹೊಳೆಯಲಿಲ್ಲ.

ಮೂರನೆಯ ದಿನ ಆತ ನಮ್ಮ ಕ್ಲಿನಿಕ್ಕಿಗೆ ಬಂದಾಗ ಎರಡು ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು, ತುದಿ ಕಪ್ಪಗಾಗಿತ್ತು. ಹಿಮಾಲಯದ ಸೈನಿಕರಿಗೆ ಆಗುವ ಹಿಮಗಡಿತವನ್ನು ಮಸ್ಕತ್‌ನ ಜುಲೈ ಬಿಸಿಲಿನಲ್ಲಿ ನೋಡಿದೆವು. ಏ.ಸಿ.ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-22 ಎಂಬ ಶೀತಕ ಸಿಲಿಂಡರಿನಿಂದ ದ್ರವವಾಗಿ ಹೊರಬಿದ್ದರೆ ಸುಮಾರು ಮೈನಸ್ 41 ಡಿಗ್ರಿಯಲ್ಲಿ ಕುದಿಯುತ್ತದೆ. ಈಚಿನ ಆರ್-410ಎ, ಆರ್-32 ಇನ್ನೂ ಹತ್ತು ಡಿಗ್ರಿಯಷ್ಟು ಕೆಳಗೆ. ಕುದಿಯಲು ಬೇಕಾದ ಶಾಖವನ್ನು ಅದು ಎದುರಿಗಿರುವ ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಆತನ ಕೋಣೆಯ ಸಂಗಾತಿ ಪ್ರೀತಿಯಿಂದಲೇ ಬೆರಳನ್ನು ಒಲೆಯ ಹತ್ತಿರ ಹಿಡಿಸಿ, ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದ್ದನಂತೆ. ಮಾಡಬಾರದ ಕೆಲಸಗಳು ಇವೇ. ಮರಗಟ್ಟಿದ ಜಾಗಕ್ಕೆ ಉರಿ ತಿಳಿಯದು, ಸುಟ್ಟರೂ ಗೊತ್ತಾಗದು. ತಿಕ್ಕಿದರೆ ಒಳಗಿನ ಜೀವಕೋಶಗಳು ಹರಿಯುತ್ತವೆ. ಉಂಗುರ, ಗಡಿಯಾರ ತೆಗೆದು, 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಅದ್ದಿಟ್ಟು, ಬೊಬ್ಬೆ ಒಡೆಯದೆ ಆಸ್ಪತ್ರೆಗೆ ಕರೆತನ್ನಿ. ಕಣ್ಣಿಗೆ ಸಿಡಿದಿದ್ದರೆ ಹದಿನೈದು ನಿಮಿಷ ನೀರು ಹಾಯಿಸುತ್ತಲೇ ಇದ್ದು ನಂತರ ಹೊರಡಿ.

ಆ ಸಂಕಟದಲ್ಲಿ ನಾವು ನಮ್ಮ ಪರಿಚಯದ ಶೈತ್ಯೀಕರಣ ಎಂಜಿನಿಯರೊಬ್ಬರ ಹತ್ತಿರ ಪಾಠಕ್ಕೆ ಕುಳಿತೆವು. ಅವರ ಮೊದಲ ಪ್ರಶ್ನೆ: “ಡಾಕ್ಟ್ರೇ, ರೋಗಿಗೆ ಪ್ರತಿ ವರ್ಷ ರಕ್ತ ಕಡಿಮೆಯಾಗುತ್ತಿದ್ದರೆ ನೀವು ಬರೀ ರಕ್ತ ಕೊಟ್ಟು ಕಳಿಸುತ್ತೀರಾ?” ನಮಗೆ ನಾಚಿಕೆಯಾಯಿತು. ಏ.ಸಿ.ಯ ಗ್ಯಾಸ್ ಕಾರಿನ ಪೆಟ್ರೋಲಿನಂತೆ ಖರ್ಚಾಗುವುದಲ್ಲ. ಕಂಪ್ರೆಸರ್ ಎಂಬ ಹೃದಯ ಅದನ್ನು ಒತ್ತಿ ಹೊರಗಿನ ಸುರುಳಿಗೆ ಕಳಿಸುತ್ತದೆ, ಅಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ, ಒಳಗಿನ ಸುರುಳಿಯಲ್ಲಿ ಆವಿಯಾಗಿ ಕೋಣೆಯ ಶಾಖ ಹೀರಿ ಮತ್ತೆ ಹಿಂದಿರುಗುತ್ತದೆ. ಮುಚ್ಚಿದ ರಕ್ತಪರಿಚಲನೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಇನ್ನೊಂದು ಸ್ವಾರಸ್ಯವೆಂದರೆ, ತಂಪು ಕಡಿಮೆಯಾದುದೆಲ್ಲ ಸೋರಿಕೆಯಲ್ಲ. ಇಲ್ಲಿಯ ಧೂಳಿಗೆ ಫಿಲ್ಟರ್ ಕಟ್ಟಿಕೊಂಡರೂ ಕೊಳವೆಯ ಮೇಲೆ ಮಂಜುಗಡ್ಡೆ ಕೂರುತ್ತದೆ, ಗ್ಯಾಸ್ ಇಳಿದರೂ ಕೂರುತ್ತದೆ. ಲಕ್ಷಣ ಒಂದೇ, ರೋಗ ಬೇರೆ. ತಾರಸಿಯ ಮೇಲಿನ ಸುರುಳಿಗೆ ಮರಳು ಮೆತ್ತಿದರೆ ಶಾಖ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಸ್ವಿಚ್ ಆರಿಸಿ ಫಿಲ್ಟರ್ ತೊಳೆಯುವುದು ಮನೆಯವರ ಕೆಲಸ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಮಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಅದರಾಚೆಗಿನ ಕೊಳವೆ, ವಾಲ್ವ್, ಗೇಜುಗಳಿಗೆ ಮಾತ್ರ ನಾವು ಕೈ ಹಾಕಬಾರದು. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ.

ಸರಿಯಾಗಿ ಕಲಿತ ಮೆಕ್ಯಾನಿಕ್ ಏನು ಮಾಡುತ್ತಾನೆ? ಉಳಿದಿರುವ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಬೇರೆ ಸಿಲಿಂಡರಿಗೆ ಎಳೆದುಕೊಳ್ಳುತ್ತಾನೆ. ಸೋರುವಲ್ಲಿ ಬೆಸುಗೆ ಹಾಕಿ, ಒಣ ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುತ್ತಾನೆ. ನೈಟ್ರೋಜನ್ ಸಿಲಿಂಡರಿನ ಒತ್ತಡ ಬಹಳ ಹೆಚ್ಚು, ರೆಗ್ಯುಲೇಟರ್ ಇಲ್ಲದೆ ಜೋಡಿಸಿದರೆ ಕೊಳವೆ ಸಿಡಿಯುತ್ತದೆ. ನೈಟ್ರೋಜನ್ ಸಿಗಲಿಲ್ಲವೆಂದು ಬೆಸುಗೆಯ ಆಮ್ಲಜನಕ ತುಂಬಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುತ್ತದೆ. ಆಸ್ಪತ್ರೆಯಲ್ಲಿ ಪ್ರಾಣ ಉಳಿಸುವ ಆಮ್ಲಜನಕವೇ ಇಲ್ಲಿ ಬಾಂಬು! ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವ ತೆಗೆದು, ಯಂತ್ರದ ಫಲಕದಲ್ಲಿ ಬರೆದಷ್ಟೇ ತೂಕದ ಗ್ಯಾಸನ್ನು ತಕ್ಕಡಿಯಿಟ್ಟು ತುಂಬುತ್ತಾನೆ. ಔಷಧದ ಡೋಸಿನಂತೆ, ಹೆಚ್ಚೂ ಕೆಡುಕು, ಕಡಿಮೆಯೂ ಕೆಡುಕು. ತಕ್ಕಡಿ ತಾರದೆ ಕೊಳವೆ ಮುಟ್ಟಿ ನೋಡಿ “ಸಾಕು” ಎನ್ನುವವನನ್ನು ಹಿಂದಕ್ಕೆ ಕಳಿಸಿ.

ಯಾವ ಗ್ಯಾಸ್ ಎಂಬುದೂ ಮುಖ್ಯ. ಆರ್-410ಎ ಒತ್ತಡ ಆರ್-22ರ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು, ಹಳೆಯ ಹೋಸು ತಡೆಯದು. ಆರ್-32 ಅಲ್ಪ ಪ್ರಮಾಣದಲ್ಲಾದರೂ ಹೊತ್ತಿಕೊಳ್ಳುವಂಥದು. ಅಗ್ಗದ ನಕಲಿ ಗ್ಯಾಸಿನ ಅಪಾಯವನ್ನು ಜಗತ್ತು 2011ರಲ್ಲಿ ಕಂಡಿತು: ಮೀಥೈಲ್ ಕ್ಲೋರೈಡ್ ಬೆರೆತ ಗ್ಯಾಸ್ ಸೇರಿದ್ದ ಹಡಗಿನ ಶೈತ್ಯ ಕಂಟೈನರುಗಳು ಸಿಡಿದು ಬಂದರಿನ ಕೆಲಸಗಾರರು ಸತ್ತರು. ಅದು ಅಲ್ಯೂಮಿನಿಯಮ್ಮಿನೊಡನೆ ಕೂಡಿ, ಗಾಳಿ ತಾಗಿದರೆ ತಾನೇ ಉರಿಯುವ ವಸ್ತುವಾಗುತ್ತದೆ. 1930ರಲ್ಲಿ ಥಾಮಸ್ ಮಿಜ್ಲಿ ಎಂಬ ವಿಜ್ಞಾನಿ ಸಭೆಯ ಮುಂದೆ ಹೊಸ ಶೀತಕವನ್ನು ಎದೆತುಂಬ ಸೇದಿ, ಅದರಿಂದ ಮೇಣದಬತ್ತಿ ಆರಿಸಿ, ಇದು ವಿಷವೂ ಅಲ್ಲ ಉರಿಯುವುದೂ ಇಲ್ಲ ಎಂದು ತೋರಿಸಿದ್ದರಂತೆ. ಅದೇ ಕುಟುಂಬದ ಗ್ಯಾಸುಗಳು ಓಝೋನ್ ಪದರಕ್ಕೆ ಕುತ್ತೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಬಂತು. ಅದರ ಪ್ರಕಾರ ಅಭಿವೃದ್ಧಿಶೀಲ ದೇಶಗಳೂ 2030ರೊಳಗೆ ಆರ್-22 ಬಳಕೆಯನ್ನು ಬಹುಮಟ್ಟಿಗೆ ಬಿಡಬೇಕು. ಆರ್-410ಎ ಓಝೋನಿಗೆ ತೊಂದರೆ ಕೊಡದಿದ್ದರೂ, ಒಂದು ಕಿಲೋ ಹೊರಬಿಟ್ಟರೆ ಎರಡು ಟನ್ನಿನಷ್ಟು ಇಂಗಾಲದ ಡೈಆಕ್ಸೈಡಿಗೆ ಸಮ.

ಮುಚ್ಚಿದ ಕೋಣೆಯಲ್ಲಿ ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಂತು ಆಮ್ಲಜನಕವನ್ನು ತಳ್ಳುತ್ತದೆ. ಹೆಚ್ಚು ಸೇದಿದವರ ಹೃದಯ ಅಡ್ರಿನಲಿನ್ನಿಗೆ ಅತಿಯಾಗಿ ಸ್ಪಂದಿಸಿ ಲಯ ತಪ್ಪಬಹುದು. ಅವರನ್ನು ಓಡಿಸಬೇಡಿ, ಗಾಬರಿಪಡಿಸಬೇಡಿ, ಎತ್ತಿ ಹೊರಗೆ ತಂದು 9999ಕ್ಕೆ ಫೋನ್ ಮಾಡಿ, ಗ್ಯಾಸ್ ಸೇದಿದ್ದಾರೆಂದು ವೈದ್ಯರಿಗೆ ಮೊದಲೇ ಹೇಳಿ. ಒಲೆ ಉರಿಯುತ್ತಿದ್ದರೆ ಅದರಿಂದ ಘಾಟು ಆಮ್ಲಗಳೂ ಹುಟ್ಟುತ್ತವೆ, ಅಡುಗೆಮನೆಯ ಬೆಂಕಿ ಮೊದಲೇ ಆರಿರಲಿ.

ನಮ್ಮವರು ಆಗಾಗ ಮನೆ ಬದಲಿಸುತ್ತಾರೆ. ಆಗ ಸ್ಪ್ಲಿಟ್ ಏ.ಸಿ. ಕಳಚುವಾಗ ಗ್ಯಾಸನ್ನು ಹೊರಗಿನ ಘಟಕಕ್ಕೆ ಎಳೆದುಕೊಳ್ಳುವುದುಂಟು. ಕಂಪ್ರೆಸರ್ ಓಡುತ್ತಿರುವಾಗಲೇ ಕೊಳವೆ ಬಿಚ್ಚಿದರೆ ಗಾಳಿ ಒಳಹೊಕ್ಕು ಎಣ್ಣೆಯೊಡನೆ ಒತ್ತಿ ಸಿಡಿಯುತ್ತದೆ. ವಾಲ್ವ್ ಮುಚ್ಚಿ, ಯಂತ್ರ ನಿಲ್ಲಿಸಿ, ಆಮೇಲೆಯೇ ಬಿಚ್ಚಬೇಕು. “ಗೆಳೆಯನೊಬ್ಬ ಬರುತ್ತಾನೆ, ಬಿಚ್ಚಿಕೊಡುತ್ತಾನೆ” ಎಂಬ ಮಾತು ಕೇಳಿದಾಗಲೆಲ್ಲ ನಮಗೆ ಭಯವಾಗುತ್ತದೆ.

ಇನ್ನು ಬಿಸಿಲು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನ ಕೆಲಸವನ್ನು ಒಮಾನ್ ಸರಕಾರ ನಿಷೇಧಿಸಿದೆ. ಆ ನಿಯಮ ದೊಡ್ಡ ಕಟ್ಟಡದ ಕಂಪನಿಗಳಿಗೆ ಎಂದು ನಾವು ತಿಳಿದಿದ್ದೆವು. ಆದರೆ ಆ ಶುಕ್ರವಾರ ಒಂದು ಗಂಟೆಗೆ ತಾರಸಿಯ ಮೇಲೆ ಹುಡುಗನನ್ನು ನಿಲ್ಲಿಸಿದ್ದು ಯಾವ ಕಂಪನಿಯೂ ಅಲ್ಲ. ತಾಯಿಯವರನ್ನು ಮೂರು ಗಂಟೆ ಪಕ್ಕದ ಕೋಣೆಯಲ್ಲಿ ಮಲಗಿಸಬಹುದಿತ್ತು. ಅಲ್ಲಿಯ ಏ.ಸಿ. ಚೆನ್ನಾಗಿಯೇ ಇತ್ತು.

ಆತನ ಬೆರಳುಗಳು ಉಳಿದವು. ಒಂದರ ಉಗುರು ಸೊಟ್ಟಗೆ ಬೆಳೆದಿದೆ, ಚಳಿಗಾಲದಲ್ಲಿ ಜೋಮು ಹಿಡಿಯುತ್ತದಂತೆ. ಎಂಜಿನಿಯರು ಸೋಪಿನ ನೊರೆ ಹಚ್ಚಿ ಹುಡುಕಿದಾಗ ನಮ್ಮ ಏ.ಸಿ.ಯ ಸೋರಿಕೆ ಒಂದು ಸಡಿಲ ನಟ್ಟಿನಲ್ಲಿತ್ತು. ಅದನ್ನು ಸರಿಮಾಡಿ ತೂಕದ ಪ್ರಕಾರ ತುಂಬಿದ ಮೇಲೆ ಮತ್ತೆ ಗ್ಯಾಸ್ ಬೇಕಾಗಿಲ್ಲ. ಹುಡುಗ ಈಗ ತಕ್ಕಡಿ, ಕೈಗವಸು, ಕನ್ನಡಕ ಇಟ್ಟುಕೊಂಡಿದ್ದಾನೆ. ಕಳೆದ ಬೇಸಿಗೆಯಲ್ಲಿ ನಮ್ಮ ಪರಿಚಯದವರೊಬ್ಬರು ಎರಡು ಗಂಟೆಗೆ ಕರೆದರೆ, “ನಾಲ್ಕಕ್ಕೆ ಬರ್ತೇನೆ, ಬೇಕಾದ್ರೆ ಡಾಕ್ಟ್ರನ್ನು ಕೇಳಿ” ಎಂದನಂತೆ. ಅವರು ನಮಗೆ ಫೋನ್ ಮಾಡಿ ಬೈದರು.

ಊಟದ ಹೊತ್ತಾಯಿತು. ಪ್ರಶ್ನೆಗಳಿದ್ದರೆ ಪಂಕ್ತಿಯಲ್ಲಿ ಕೇಳಿ, ಎಂಜಿನಿಯರು ಅಲ್ಲೇ ಇರುತ್ತಾರೆ.